ತುಂಗೆಯ ನೀರಿಗೆ ಉಪ್ಪು ಬೆರೆಸಿ

ಶಿವಮೊಗ್ಗದ ಮೀನು ಮಾರುಕಟ್ಟೆಗೆ ಬಂಗುಡೆ ಘಟ್ಟ ಹತ್ತಿ ಬರುವುದು ಮಂಜುಗಡ್ಡೆಯ ಮೇಲೆ ಮಲಗಿ. ಒಂದೇ ಅಳತೆ, ಒಂದೇ ಹೊಳಪು, ಬೆನ್ನ ಮೇಲೆ ಒಂದೇ ಬಗೆಯ ಕಪ್ಪು ಗೆರೆ. ಬುಟ್ಟಿಯಲ್ಲಿ ಜೋಡಿಸಿಟ್ಟಾಗಲೂ ಅವು ಹಿಂಡಿನಲ್ಲಿ ಬದುಕಿದ ಮೀನುಗಳೆಂದು ಗೊತ್ತಾಗುತ್ತದೆ. ಕರಾವಳಿಯ ರಂಪಣಿ ಬಲೆ ನಿಂತಿದ್ದೇ ಈ ಗುಣದ ಮೇಲೆ. ದಡದ ಸಮೀಪ ಹಿಂಡು ಕಂಡರೆ ಸಾಕು, ದೋಣಿಯಲ್ಲಿ ಹೋಗಿ ಬಲೆಯಿಂದ ಅದನ್ನು ಬಳಸಿ, ಊರಿಗೆ ಊರೇ ಎರಡು ಬದಿಯ ಹಗ್ಗ ಹಿಡಿದು ಎಳೆಯುತ್ತಿತ್ತು. 1970ರ ದಶಕದಲ್ಲಿ ಹಿಂಡನ್ನು ನಡುಗಡಲಲ್ಲೇ ಸುತ್ತುವ ಪರ್ಸೀನ್ ಬಲೆಯ ದೋಣಿಗಳು ಬಂದ ಮೇಲೆ ಆ ನೋಟ ಕಡಿಮೆಯಾಯಿತು.

ಅಂಥ ಹಿಂಡು ಜೀವಂತವಾಗಿ ತಿರುಗುವುದನ್ನು, ನೂರು ಮೈ ಒಂದೇ ಮೈಯಾಗಿ ಹೊರಳುವುದನ್ನು, ಮನೆಯ ಹಜಾರದಲ್ಲಿ ಕೂತು ನೋಡಬೇಕೆಂದು ಆಸೆಪಡುವವರು ಮಲೆನಾಡಿನಲ್ಲೂ ಉಂಟು. ಬಂಗುಡೆಯನ್ನಂತೂ ಸಾಕಲಾಗದು. ನಿಲ್ಲದೆ ಈಜುವ ಮೀನದು, ಗಾಜಿನ ತೊಟ್ಟಿ ಅದಕ್ಕೆ ಜೈಲು. ಹವಳದ ದಿಬ್ಬಗಳ ಪುಟ್ಟ ಮೀನುಗಳತ್ತ ತಿರುಗಬೇಕು. ಅದಕ್ಕೂ ಮೊದಲು ಕಡಲು ಬೇಕು.

ಗಂಗಾ ಸ್ನಾನ, ತುಂಗಾ ಪಾನ ಎನ್ನುವ ನಾಡಿನಲ್ಲಿ ಕುಡಿಯುವ ನೀರಿಗೆ ಉಪ್ಪು ಸುರಿಯಲು ಮೊದಲ ಸಲ ಕೈ ಹಿಂಜರಿಯುವುದು ಸಹಜ. ನಲ್ಲಿ ನೀರನ್ನು ಆರ್‌ಓ ಯಂತ್ರದಲ್ಲಿ ಹಾಯಿಸಿ, ಕ್ಲೋರಿನ್ ಉಳಿಯದಂತೆ ನೋಡಿಕೊಂಡು, ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಕಡಲ ಅಕ್ವೇರಿಯಂಗೆಂದೇ ಬೆರೆಸಿದ ಉಪ್ಪು ಕರಗಿಸಬೇಕು. ನಾಲ್ಕು ಅಡಿ ಉದ್ದದ, 300 ಲೀಟರ್ ಹಿಡಿಯುವ ತೊಟ್ಟಿಗೆ ಹತ್ತು ಕಿಲೋ ಮೀರುತ್ತದೆ. ಅಡುಗೆಮನೆಯ ಉಪ್ಪು ಇಲ್ಲಿ ಸಲ್ಲ; ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ ಎಲ್ಲವೂ ಅದರದರ ಪಾಲಿನಲ್ಲಿ ಬೇಕು. ಕಡಲಿಲ್ಲದ ಕಡೆ ಕಡಲು ಮಾಡುವ ಈ ಕೆಲಸ ಹಳೆಯದು. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ 1854ರಲ್ಲೇ ನಾಲ್ಕು ಲವಣಗಳನ್ನು ಬೆರೆಸಿ ಸಮುದ್ರದ ನೀರು ತಯಾರಿಸುವ ಕ್ರಮ ಪ್ರಕಟಿಸಿದ್ದ. ಅಕ್ವೇರಿಯಂ ಎಂಬ ಪದವನ್ನು ಮನೆಮಾತಾಗಿಸಿದವನೂ ಅವನೇ. ಇಂದು ಶಿವಮೊಗ್ಗದಲ್ಲಿ ಬಕೆಟ್ಟಿನ ಮುಂದೆ ಕೂತು, ನೀರಿನ ಸಾಂದ್ರತೆ 1.025ಕ್ಕೆ ಬಂತೇ ಎಂದು ಅಳೆಯುವವರು ಮಾಡುವುದೂ ಅದನ್ನೇ.

ನೀರು ಸಿದ್ಧವಾದ ಕೂಡಲೇ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಬರುವ ಅಮೋನಿಯವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳು ಕಲ್ಲುಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ದಿನಗಳಲ್ಲಿ ಗಾಜಿನೊಳಗೆ ಬರೀ ಕಲ್ಲು, ಮರಳು. ಬಂದವರೆಲ್ಲ ಮೀನೆಲ್ಲಿ ಎಂದು ಕೇಳುತ್ತಾರೆ. ಕಲ್ಲಿನ ವಿಷಯದಲ್ಲಿ ಕಾನೂನನ್ನೂ ನೆನೆಯಬೇಕು. ದಿಬ್ಬ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ನಮ್ಮ ಕಡಲಿನಿಂದ ಕಿತ್ತು ತರುವುದು ಅಪರಾಧ. ಸುಟ್ಟ ಮಣ್ಣಿನ, ಸಿಮೆಂಟಿನ ಕಲ್ಲುಗಳಲ್ಲೂ ಬ್ಯಾಕ್ಟೀರಿಯಾ ಚೆನ್ನಾಗಿಯೇ ಬೆಳೆಯುತ್ತದೆ. ಹವಳ ಕಡಲಲ್ಲಿರಲಿ.

ಭದ್ರಾವತಿಯಲ್ಲಿ ತೊಟ್ಟಿ ಇಟ್ಟರೆ ಇನ್ನೊಂದು ಪಾಠ ಬೇಗ ಸಿಗುತ್ತದೆ. ಹಿಂದೆ ಬೆಂಕಿಪುರವಾಗಿದ್ದ, 1923ರಿಂದ ಕಬ್ಬಿಣ ಕರಗಿಸಿದ ಊರು ಅದು. ನೀರು, ಕಲ್ಲು, ಗಾಜು ಸೇರಿ 400 ಕಿಲೋದಷ್ಟು ಭಾರ ಹೊರುವ ಸ್ಟ್ಯಾಂಡನ್ನು ಅಲ್ಲಿ ಕಬ್ಬಿಣದಲ್ಲೇ ಬೆಸೆಯಿಸಲು ಮನಸ್ಸಾಗುತ್ತದೆ. ಆದರೆ ಉಪ್ಪುನೀರಿನ ಹನಿ ಗಾಜಿನ ಅಂಚಿನಿಂದ ಬಿಳಿ ಪುಡಿಯಾಗಿ ತೆವಳಿ ಇಳಿದು, ಬಣ್ಣದ ಸಣ್ಣ ಬಿರುಕಿನೊಳಗೆ ಹೊಕ್ಕು ಕಬ್ಬಿಣವನ್ನು ತಿನ್ನುತ್ತದೆ. ಎರಡು ಕೋಟು ಎಪಾಕ್ಸಿ ಬಳಿದು, ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುವವರ ಸ್ಟ್ಯಾಂಡ್ ಮಾತ್ರ ಬಾಳುತ್ತದೆ.

ಇನ್ನು ಹಿಂಡಿನ ಮಾತು. ಈ ಹವ್ಯಾಸದವರು ಮೊದಲು ಕೊಳ್ಳುವುದು ಹೆಚ್ಚಾಗಿ ಹಸಿರು ಕ್ರೋಮಿಸ್. 8–10 ಸೆಂಟಿಮೀಟರಿಗೆ ನಿಲ್ಲುವ ಮೀನು. ಬೆಳಕು ಒಂದು ಕಡೆಯಿಂದ ಬಿದ್ದರೆ ಎಳೆ ಬಾಳೆಯ ಹಸಿರು, ಇನ್ನೊಂದು ಕಡೆಯಿಂದ ನೀಲಿ. ಲಕ್ಷದ್ವೀಪದ ಲಗೂನುಗಳಲ್ಲಿ ಕೊಂಬೆಕೊಂಬೆಯ ಹವಳದ ಮೇಲೆ ನೂರಾರು ತೇಲುತ್ತಿರುತ್ತವೆ, ನೆರಳು ಕಂಡರೆ ಒಂದೇ ಉಸಿರಿಗೆ ಕೊಂಬೆಗಳೊಳಗೆ ಅಡಗುತ್ತವೆ. ಅಂಥ ಒಂಬತ್ತನ್ನು ತಂದು ಬಿಟ್ಟ ಮೊದಲ ವಾರ ಮನೆಯವರೆಲ್ಲ ಟಿವಿ ಮರೆಯುತ್ತಾರೆ. ಹೊಸ ಜಾಗದ ಹೆದರಿಕೆಯಲ್ಲಿ ಒಂಬತ್ತೂ ಒತ್ತಿಕೊಂಡು ಈಜುತ್ತವೆ. ತಿಂಗಳು ಕಳೆಯುವುದರೊಳಗೆ ಒಂದೊಂದು ಒಂದೊಂದು ಮೂಲೆ ಹಿಡಿಯುತ್ತದೆ. ಆಮೇಲೆ ಲೆಕ್ಕ ಇಳಿಯತೊಡಗುತ್ತದೆ: ಎಂಟು, ಏಳು, ಐದು. ರೆಕ್ಕೆ ಹರಿದ ಒಂದು ಮೀನು ಫಿಲ್ಟರಿನ ಹಿಂದೆ ಅಡಗಿದ್ದನ್ನು ಕಂಡ ದಿನ ಸಾಕುವವರ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಿಂಡಿನ ಮೀನು ಹಿಂಡಿನ ಮೀನನ್ನೇ ಕೊಲ್ಲುವುದೇಕೆ? ಹಿಂಡನ್ನು ಕಟ್ಟುವುದು ಸ್ನೇಹವೆಂದು ನಂಬಿದವರಿಗೆ ಇದು ಅರ್ಥವಾಗದು. ಬ್ರಿಟಿಷ್ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1971ರಲ್ಲಿ ಗಣಿತದ ಮೂಲಕ ತೋರಿಸಿದ್ದು ಬೇರೆಯೇ. ಪ್ರತಿಯೊಂದು ಜೀವಿಯೂ ತನ್ನ ಮತ್ತು ಅಪಾಯದ ನಡುವೆ ಇನ್ನೊಂದನ್ನು ಇಟ್ಟುಕೊಳ್ಳಲು ನೋಡುತ್ತದೆ, ಎಲ್ಲರೂ ಹಾಗೆ ಮಾಡಿದಾಗ ಗುಂಪು ತಾನಾಗಿ ಬಿಗಿಯುತ್ತದೆ. ಬೇಟೆಗಾರನೇ ಇಲ್ಲದ ತೊಟ್ಟಿಯಲ್ಲಿ ಆ ಬಿಗಿ ಸಡಿಲುತ್ತದೆ. ಹೊತ್ತಿಗೆ ಸರಿಯಾಗಿ ಊಟ, ಹೆದರಿಕೆಯಿಲ್ಲದ ರಾತ್ರಿ; ಉಳಿಯುವುದು ಜಾಗದ ಜಗಳ. ಗಂಡು ಕ್ರೋಮಿಸ್ ಗೂಡಿನ ಜಾಗವನ್ನು ಕಾಯುವ ಮೀನು. ಲಗೂನಿನಲ್ಲಿ ಸೋತ ಮೀನು ದೂರ ಹೋಗಿ ಬದುಕುತ್ತದೆ, ನಾಲ್ಕು ಅಡಿ ಗಾಜಿನಲ್ಲಿ ದೂರ ಎಂಬುದೇ ಇಲ್ಲ.

ಮೀನುಗಳು ಒಟ್ಟಿಗೆ ಹೊರಳುವ ಬಗೆಯೂ ಬೆರಗು ಹುಟ್ಟಿಸುತ್ತದೆ. 1976ರಲ್ಲಿ ಪಿಚರ್, ಪಾರ್ಟ್ರಿಜ್, ವಾರ್ಡಲ್ ಎಂಬ ಮೂವರು ವಿಜ್ಞಾನಿಗಳು ಸೇತ್ ಎಂಬ ಕಡಲ ಮೀನಿನ ಕಣ್ಣು ಮುಚ್ಚಿ ಹಿಂಡಿಗೆ ಬಿಟ್ಟರು. ಅದು ಸಾಲು ತಪ್ಪದೆ ಈಜಿತು. ಮೈಯ ಎರಡು ಬದಿಯ ಪಾರ್ಶ್ವರೇಖೆ ಪಕ್ಕದ ಮೀನು ತಳ್ಳಿದ ನೀರನ್ನು ಗ್ರಹಿಸಿ ದಾರಿ ಹೇಳಿತ್ತು. ಆ ರೇಖೆಯ ನರವನ್ನೂ ಕತ್ತರಿಸಿದಾಗ ಮೀನು ಹಿಂಡು ಸೇರಲಾರದಾಯಿತು. ತೊಟ್ಟಿಯಲ್ಲಿ ವೇವ್‌ಮೇಕರ್ ಎಂಬ ಅಲೆಯೆಬ್ಬಿಸುವ ಪಂಪು ಇಡುವ ಅನುಭವಿಗಳು ಇದನ್ನು ಕೈಯಿಂದಲೇ ಅರಿತಿದ್ದಾರೆ. ನಿಂತ ನೀರಿನಲ್ಲಿ ಚೆದುರಿ ನಿಲ್ಲುವ ಕ್ರೋಮಿಸ್‌ಗಳು ಹರಿವು ಬಲವಾದಾಗ ಒಂದೇ ಕಡೆ ಮುಖ ಮಾಡುತ್ತವೆ.

ಈ ಪಾಠಕ್ಕೆ ಕಡಲವರೆಗೆ ಹೋಗಬೇಕಾಗಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ, ಇಲ್ಲವೇ ತೀರ್ಥಹಳ್ಳಿ ಸಮೀಪದ ಚಿಬ್ಬಲಗುಡ್ಡೆಯಲ್ಲಿ ಮಂಡಕ್ಕಿ ಹಿಡಿದು ಕೂತರೆ ಸಾಕು. ಮಂಡಕ್ಕಿ ಬಿದ್ದಾಗ ನುಗ್ಗಾಡಿ ಚೆಲ್ಲಾಪಿಲ್ಲಿಯಾಗುವ ದೊಡ್ಡ ಮೀನುಗಳು, ತಿನಿಸು ಮುಗಿದ ಮೇಲೆ ಹರಿವಿಗೆ ತಲೆಯೊಡ್ಡಿ ಸಾಲಾಗಿ ನಿಲ್ಲುತ್ತವೆ. ಆಗುಂಬೆಯ ಬರ್ಕಣದ ತೊರೆಯಲ್ಲಿ ಇನ್ನೂ ಚಿಕ್ಕದೊಂದು ಮೀನಿದೆ. ವಿಜ್ಞಾನಿಗಳು ಅದನ್ನು ಹೊಸ ಕುಲವೆಂದು ಗುರುತಿಸಿ ಬೆಟಾಡೇವರಿಯೋ ರಾಮಚಂದ್ರನಿ ಎಂದು ಹೆಸರಿಟ್ಟಿದ್ದು 2010ರಲ್ಲಿ. ಅದು ಇರುವುದು ಪಡುವಣಕ್ಕೆ ಇಳಿದು ಅರಬ್ಬಿ ಕಡಲು ಸೇರುವ ಸೀತಾ ನದಿಯ ಕವಲಿನಲ್ಲಿ. ಅಂಥ ಅಪರೂಪದ ಮೀನನ್ನು ತೊಟ್ಟಿಗೆ ತರಬಾರದು, ತೊರೆಯ ಬಂಡೆಯ ಮೇಲೆ ಕೂತು ನೋಡಿ ಬರಬೇಕು.

ನೋಡಿ ಬಂದವರು ತೊಟ್ಟಿಯನ್ನು ಬೇರೆ ರೀತಿ ಜೋಡಿಸುತ್ತಾರೆ. ಮೂಲೆಮೂಲೆಯಲ್ಲೂ ಗುಹೆ ಕಟ್ಟುವ ಬದಲು ನಡುವೆ ಒಂದೇ ದಿಬ್ಬ, ಅದರ ಮುಂದೆ ಈಜಲು ಉದ್ದದ ಬಯಲು. ಮೀನುಗಳು ಒಂದೇ ಅಳತೆಯವು, ಒಂದೇ ದಿನ ಬಿಟ್ಟವು. ಆಮೇಲೆ ಒಂದನ್ನು ತಂದು ಸೇರಿಸಿದರೆ ಎಲ್ಲವೂ ಅದರ ಮೇಲೆ ಬೀಳುತ್ತವೆ. ಬಿಡುವ ಮುನ್ನ ಒಂದು ತಿಂಗಳು ಬೇರೆ ತೊಟ್ಟಿಯಲ್ಲಿ, ಬಿಳಿ ಚುಕ್ಕಿಯ ರೋಗವಾಗಲಿ ಕ್ರೋಮಿಸ್‌ಗಳ ಮೈ ಕೆಂಪಾಗಿಸಿ ಕೊಲ್ಲುವ ಯುರೊನೀಮಾ ಎಂಬ ಸೂಕ್ಷ್ಮಜೀವಿಯಾಗಲಿ ಇಲ್ಲವೆಂದು ಖಾತ್ರಿಯಾಗುವ ತನಕ. ಊಟ ದಿನಕ್ಕೆ ಮೂರು ನಾಲ್ಕು ಸಲ, ಚಿಟಿಕೆ ಚಿಟಿಕೆ. ಹೊಟ್ಟೆ ತುಂಬಿದ ಮೀನಿಗೆ ಜಗಳದ ಹುರುಪು ಕಡಿಮೆ.

ಬೇರೆ ಮೀನುಗಳೂ ಇವೆ. ಇಂಡೋನೇಷ್ಯಾದ ಬಾಂಗ್ಗಾಯ್ ಕಾರ್ಡಿನಲ್ ಕಪ್ಪು ಬಿಳಿ ಪಟ್ಟೆಯ ಚೆಲುವ. ಗಂಡು ಬಾಯಲ್ಲೇ ಮೊಟ್ಟೆ ಕಾಯುತ್ತದೆ. 2007ರಿಂದ ಅಳಿವಿನಂಚಿನ ಪಟ್ಟಿಯಲ್ಲಿರುವುದರಿಂದ ಸಾಕಣೆಯಲ್ಲಿ ಹುಟ್ಟಿದ್ದನ್ನೇ ಕೊಳ್ಳುವುದು ಸರಿ. ಜೋಡಿ ಕೂಡಿತೆಂದರೆ ಉಳಿದವನ್ನು ಅಟ್ಟುತ್ತದೆ. ಆಂಥಿಯಸ್‌ಗಳದು ಇನ್ನೊಂದು ಬಗೆ: ಒಂದು ಗಂಡು, ಸುತ್ತ ಹೆಣ್ಣುಗಳು, ಗಂಡು ಸತ್ತರೆ ಹೆಣ್ಣೊಂದು ಗಂಡಾಗುತ್ತದೆಂದು ಜೀವವಿಜ್ಞಾನಿ ಲೆವ್ ಫಿಶೆಲ್ಸನ್ 1970ರಲ್ಲಿ ತೋರಿಸಿದ. ಎಳೆಗಿತ್ತಳೆ ಬಣ್ಣದ ಆ ಹಿಂಡಿನ ಮುಂದೆ ಬೇರೆ ಯಾವುದೂ ನಿಲ್ಲದು. ಆದರೆ ಹೊತ್ತುಹೊತ್ತಿಗೆ ಊಟ ಕೊಡಲು ಮನೆಯಲ್ಲಿ ಯಾರಾದರೂ ಇರಲೇಬೇಕು.

ಕಷ್ಟದ ತಿಂಗಳು ಏಪ್ರಿಲ್. ಹೊರಗಿನ ಬಿಸಿಲು 36 ಡಿಗ್ರಿ ದಾಟಿದಾಗ ತೊಟ್ಟಿ 27ರ ಒಳಗಿರಬೇಕು. ಬೆಚ್ಚಗಿನ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ. ಉಪ್ಪುನೀರು ಸಿಹಿನೀರಿಗಿಂತಲೂ ಕಡಿಮೆ. ನೀರಿನ ಮೇಲೆ ಫ್ಯಾನು ತಿರುಗಿಸಿದರೆ ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಹೋಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಕಡಿಮೆಯಾದಷ್ಟಕ್ಕೆ ಸಿಹಿನೀರನ್ನೇ ತುಂಬಬೇಕು. ಜುಲೈ ಬಂದರೆ ಲೆಕ್ಕ ತಿರುಗುತ್ತದೆ: ಗಾಳಿಯೇ ಒದ್ದೆ, ಫ್ಯಾನಿಗೆ ಕೆಲಸವಿಲ್ಲ, ಗಾಳಿಮಳೆಗೆ ಕರೆಂಟು ಹೋಗುತ್ತದೆ. ಬ್ಯಾಟರಿಯ ಏರ್ ಪಂಪು ಆಗ ದೇವರ ಮನೆಯ ದೀಪದಷ್ಟೇ ಮುಖ್ಯ.

ದೀಪ ಆರಿಸುವ ಹೊತ್ತೇ ನೋಡಲು ಚೆಂದ. ಬೆಳಕು ಕಂತುತ್ತಿದ್ದಂತೆ, ಹಗಲಿಡೀ ಮೂಲೆಮೂಲೆಯಲ್ಲಿದ್ದ ಕ್ರೋಮಿಸ್‌ಗಳು ಒಂದೊಂದಾಗಿ ದಿಬ್ಬದ ಮೇಲೆ ಬಂದು ಕೂಡುತ್ತವೆ. ಕಡಲಿನಲ್ಲಾದರೆ ಮುಸ್ಸಂಜೆ ಬೇಟೆಯ ಹೊತ್ತು. ಗಾಜಿನೊಳಗೂ ಅವು ಅದನ್ನು ಮರೆತಿಲ್ಲ. ಒಮ್ಮೆ ಎಡಕ್ಕೆ ಹೊರಳುತ್ತವೆ, ಒಮ್ಮೆ ಬಲಕ್ಕೆ, ಮತ್ತೆ ಎಡಕ್ಕೆ. ಹೊರಳುವಾಗ ಹಸಿರು ನೀಲಿಯಾಗಿ ಒಂದೇ ಕ್ಷಣದಲ್ಲಿ ಬದಲಾಗುತ್ತದೆ. ಸಾಕುವವರು ಗಾಜಿಗೆ ಹಣೆ ತಾಗಿಸಿ, ಬೆರಳು ಮಡಚುತ್ತಾ ಎಣಿಸುತ್ತಾರೆ. ಎಂಟು. ಇನ್ನೊಂದು ಸುತ್ತು ಎಣಿಸುತ್ತಾರೆ. ಅಷ್ಟರಲ್ಲಿ ಕಲ್ಲಿನ ಸಂದಿಯಿಂದ ಒಂಬತ್ತನೆಯದು ಹೊರಬಂದು ಸಾಲಿನ ಕೊನೆಗೆ ಸೇರುತ್ತದೆ.