ಹಾಲಿವುಡ್ಡಿನಲ್ಲೊಂದು ಅರೆಮಂಡಿ

ಹಳೆಯ ಹಾಲಿವುಡ್ ಹಾಡುಗಳನ್ನು ನಾನು ಈಗೀಗ ಸಂತೆಯಲ್ಲಿ ಜೇಬುಗಳ್ಳನನ್ನು ಅರಸುವ ಪೊಲೀಸಪ್ಪನ ಹಾಗೆ ನೋಡುತ್ತೇನೆ. 1953ರ ‘ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ ಚಿತ್ರದಲ್ಲಿ ಮರ್ಲಿನ್ ಮನ್ರೋ ಗುಲಾಬಿ ಉಡುಪು ತೊಟ್ಟು, ಕೋಟುಧಾರಿ ಗಂಡಸರ ನಡುವೆ ವಜ್ರದ ಗುಣಗಾನ ಮಾಡುತ್ತಾಳಲ್ಲ, ಅಲ್ಲಿ ಎಲ್ಲರ ಕಣ್ಣೂ ಅವಳ ಮೇಲೆಯೇ. ಇರಬೇಕಾದದ್ದೇ. ಆದರೆ ಅವಳು ಭುಜವನ್ನು ಒಂದಿಷ್ಟೇ ಕುಲುಕಿ ಗಕ್ಕನೆ ನಿಲ್ಲಿಸುವ ಬಿಗಿ ಇದೆಯಲ್ಲ, ಅದು ಮಾತ್ರ ಅವಳದಲ್ಲ. ಅದರ ಒಡೆಯ, ಆ ಹಾಡಿನ ನೃತ್ಯ ನಿರ್ದೇಶಕ ಜ್ಯಾಕ್ ಕೋಲ್, ಅಲ್ಲಿ ತೆರೆಯ ಮೇಲೆ ಎಲ್ಲೂ ಇಲ್ಲ.

ಕೋಲ್ ಹುಟ್ಟಿದ್ದು 1911ರಲ್ಲಿ, ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ. 1930ರ ಹೊತ್ತಿಗೆ ರೂತ್ ಸೇಂಟ್ ಡೆನಿಸ್ ಮತ್ತು ಟೆಡ್ ಶಾನ್ ದಂಪತಿಯ ಡೆನಿಶಾನ್ ತಂಡ ಸೇರಿದ. ಈ ರೂತಮ್ಮ ಭಾರತದ ಮಣ್ಣು ಮೆಟ್ಟುವ ಎಷ್ಟೋ ಮೊದಲೇ, 1906ರಲ್ಲಿ, ‘ರಾಧಾ’ ಎಂಬ ನೃತ್ಯ ಕಟ್ಟಿ ಹೆಸರಾಗಿದ್ದಾಕೆ. ಅಂದರೆ ಹುಡುಗ ಮೊದಲು ಕಂಡದ್ದು ಊಹೆಯ ಭಾರತವನ್ನು. ಅಷ್ಟಕ್ಕೇ ತೃಪ್ತಿಪಡದೆ ಅವನು ಲಾ ಮೇರಿ ಎಂಬ ನರ್ತಕಿಯಿಂದ ಭರತನಾಟ್ಯ ಕಲಿತ. ಲಾ ಮೇರಿ ನಮಗೆ ತೀರ ಹೊರಗಿನವಳೇನಲ್ಲ. ಮದರಾಸಿಗೆ ಬಂದು ಪಾಠ ಹೇಳಿಸಿಕೊಂಡಾಕೆ. ನಮ್ಮ ಬೆಂಗಳೂರಿನ ನರ್ತಕ ರಾಮ್ ಗೋಪಾಲ್ ಹೊರದೇಶದ ರಂಗ ಕಂಡದ್ದೂ ಅವಳ ಜೊತೆ ಹೊರಟಾಗಲೇ.

1933ರ ಕೊನೆಗೆ ಅಮೆರಿಕದಲ್ಲಿ ಪಾನನಿಷೇಧ ತೆರವಾಯಿತು. ನೈಟ್ ಕ್ಲಬ್ಬುಗಳು ಬಾಗಿಲು ತೆರೆದವು, ನರ್ತಕರಿಗೆ ಕೂಲಿ ಹುಟ್ಟಿತು. ಕಲೆಗೆ ಮದ್ಯದಂಗಡಿ ಆಶ್ರಯ ಕೊಟ್ಟ ಈ ಪ್ರಸಂಗವನ್ನು ನಾನು ಮನೆಯಲ್ಲಿ ಹಿರಿಯರೆದುರು ಎತ್ತುವುದಿಲ್ಲ. ರಾಕ್‌ಫೆಲರ್ ಕಟ್ಟಡದ 65ನೇ ಮಹಡಿಯ ರೇನ್‌ಬೋ ರೂಮಿನಂಥ ಕಡೆಗಳಲ್ಲಿ, ಗ್ಲಾಸು ತಟ್ಟೆಗಳ ಸದ್ದಿನ ನಡುವೆ ಕೋಲ್ ಕುಣಿದ. ಕಾಲು ಮಂಡಿ ಬಾಗಿಸಿದ ಅರೆಮಂಡಿಯಲ್ಲಿ, ಕತ್ತು ಅತ್ತಿತ್ತ ಜಾರುವ ಅಟ್ಟಮಿಯಲ್ಲಿ, ಕೈಯಲ್ಲಿ ಮುದ್ರೆ. ಹಿಂದೆ ಮೃದಂಗವಿಲ್ಲ, ಸ್ವಿಂಗ್ ಬ್ಯಾಂಡು. ಜನ ಅದನ್ನು ‘ಹಿಂದೂ ಸ್ವಿಂಗ್’ ಎಂದು ಕರೆದರು. ಹಾರ್ಲೆಮ್‌ನ ಕರಿಯರ ಲಿಂಡಿ ಹಾಪ್ ಕುಣಿತದ ಜಿಗಿತ ಜಾರುಗಳೂ ಅದರಲ್ಲಿ ಬೆರೆತವು.

ಇದಕ್ಕೆ ನಾನು ಸಿಟ್ಟಾಗಬೇಕೇ? ಮುದ್ರೆಯನ್ನು ತೆಗೆದುಕೊಂಡು ಅರ್ಥವನ್ನು ಬಿಟ್ಟನಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಹಾಗೆಂದು ಅವನೇನು ನಾಲ್ಕು ಭಂಗಿ ಕದ್ದು ಓಡಿದವನಲ್ಲ. ಕತ್ತು ಅಲುಗುವಾಗ ಭುಜ ಕದಲಬಾರದು, ಸೊಂಟ ತಿರುಗುವಾಗ ಎದೆ ನೆಟ್ಟಗಿರಬೇಕು ಎನ್ನುವ ಶಿಸ್ತನ್ನು ಮೈಗೆ ಇಳಿಸಿಕೊಂಡಿದ್ದ. ಇವತ್ತು ಜ್ಯಾಸ್ ಡ್ಯಾನ್ಸ್ ಕ್ಲಾಸಿಗೆ ಹೋಗುವ ಮಗು ಮೊದಲು ಕಲಿಯುವ ಪಾಠಗಳಲ್ಲಿ ಇದೂ ಒಂದು. ರಂಗದ ಜ್ಯಾಸ್ ನೃತ್ಯಕ್ಕೆ ಅವನೇ ತಂದೆ ಎಂದು ಆ ಕಸುಬಿನವರು ಹೇಳುವುದು ಉತ್ಪ್ರೇಕ್ಷೆಯಲ್ಲ.

ನಲವತ್ತರ ದಶಕದಲ್ಲಿ ಕೊಲಂಬಿಯಾ ಸ್ಟುಡಿಯೋ ಅವನ ನರ್ತಕರಿಗೆ ಸಂಬಳ ಕೊಟ್ಟು ತಾಲೀಮು ಮಾಡಿಸಿತು. ಬ್ಯಾಲೆ, ಭಾರತದ ನೃತ್ಯ ಎಲ್ಲವೂ ಸೇರಿ ಮೈ ಹಣ್ಣಾಗುವಷ್ಟು. ಗುರು ಕಟುವಾಗಿದ್ದ, ಬೈಗುಳಕ್ಕೆ ಬರವಿರಲಿಲ್ಲ. ವರ್ಷಗಟ್ಟಲೆ ಅವನ ಸಹಾಯಕಿಯಾಗಿದ್ದ ಗ್ವೆನ್ ವರ್ಡನ್ ಮುಂದೆ ಬ್ರಾಡ್‌ವೇಯ ರಾಣಿಯಾದಳು. ಆಕೆಯ ಗಂಡ, ನೃತ್ಯ ನಿರ್ದೇಶಕ ಬಾಬ್ ಫಾಸಿಯ ಹೆಸರು ಎಲ್ಲರಿಗೂ ಗೊತ್ತು. ಫಾಸಿಯ ನೃತ್ಯದಲ್ಲಿ ಕೋಲ್‌ನ ಛಾಯೆ ಕಾಣದವರು ಕಣ್ಣು ಮುಚ್ಚಿ ನೋಡಿದವರು!

‘ಗಿಲ್ಡಾ’ದಲ್ಲಿ (1946) ರೀಟಾ ಹೇವರ್ತ್ ತೆಗೆಯುವುದು ಕೈಗವಸು, ಕೊರಳ ಹಾರ ಮಾತ್ರ, ಚಿತ್ರಮಂದಿರ ಬಿಸಿಯಾಗಲು ಅಷ್ಟು ಸಾಕಾಗಿತ್ತು. ಆ ಸಂಯಮವೂ ಕೋಲ್‌ನದೇ. ಮನ್ರೋಗಂತೂ ಅವನಿಲ್ಲದೆ ಹಾಡಿನ ಚಿತ್ರೀಕರಣವೆಂದರೆ ದಿಗಿಲು. ನಿರ್ದೇಶಕ ಎದುರಿಗಿದ್ದರೂ ಅವಳ ದೃಷ್ಟಿ ಅವನತ್ತ. ಇಷ್ಟೆಲ್ಲ ಮಾಡಿದವನಿಗೆ ಆಸ್ಕರ್ ಸಿಗುವ ದಾರಿಯೂ ಇರಲಿಲ್ಲ. ನೃತ್ಯ ನಿರ್ದೇಶನಕ್ಕಿದ್ದ ಪ್ರಶಸ್ತಿಯನ್ನು ಅಕಾಡೆಮಿ ಮೂವತ್ತರ ದಶಕದಲ್ಲೇ ಕೈಬಿಟ್ಟಿತ್ತು. 1974ರಲ್ಲಿ ಅವನು ತೀರಿಕೊಂಡ.

ಅವನ ಮುಖವನ್ನೇ ನೋಡಬೇಕೆಂದರೆ 1957ರ ‘ಡಿಸೈನಿಂಗ್ ವುಮನ್’ ನೋಡಿ. ಅದರಲ್ಲಿ ಅವನದು ನೃತ್ಯ ನಿರ್ದೇಶಕನ ಪಾತ್ರ. ಕುಣಿಯುವ ಗಂಡಸಲ್ಲವೇ ಎಂದು ನಾಯಕ ಗ್ರೆಗರಿ ಪೆಕ್‌ಗೆ ಒಳಗೊಳಗೇ ಸಸಾರ. ಕೊನೆಗೆ ರೌಡಿಗಳು ಮುತ್ತಿದಾಗ ಪೆಕ್‌ನ ಕೈಲಿ ಏನೂ ಸಾಗುವುದಿಲ್ಲ. ಕೋಲ್ ಎಗರಿ, ಗಿರಗಿರನೆ ತಿರುಗಿ, ಒಬ್ಬೊಬ್ಬರನ್ನೇ ಕಾಲಿನಿಂದ ಒದ್ದು ಕೆಡವುತ್ತಾನೆ.