ಕಪ್ಪು ರಾಣಿಯ ಕಿರೀಟ

ಜೂಲಿಯಾ ಕ್ವಿನ್ ಮತ್ತು ಶೋಂಡಾ ರೈಮ್ಸ್ ಕೂಡಿ ಬರೆದ ‘ಕ್ವೀನ್ ಶಾರ್ಲೆಟ್’ ಕಾದಂಬರಿಯನ್ನು ಎರಡು ರಾತ್ರಿ ಕೂತು ಓದಿದೆ. ರಾಜ ರಾಣಿಯ ಒಲವಿನ ಕತೆ. ಓದೋಕೆ ಸೊಗಸಾಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಎದೆಯಲ್ಲಿ ಒಂದು ಮುಳ್ಳು ಉಳಿಯಿತು.

ಕ್ವಿನ್ 2000ದಿಂದ ಬರೆದ ಬ್ರಿಜರ್ಟನ್ ಕಾದಂಬರಿಗಳ ತುಂಬ ಬಿಳಿಯರೇ. ಈ ರಾಣಿ ಅವುಗಳಲ್ಲಿ ಪಾತ್ರವೇ ಅಲ್ಲ. 2020ರಲ್ಲಿ ರೈಮ್ಸ್ ಸಂಸ್ಥೆ ಅವನ್ನು ನೆಟ್‌ಫ್ಲಿಕ್ಸ್‌ಗೆ ತಂದಾಗ ಕಪ್ಪು ರಾಣಿ ಬಂದಳು. 2023ರಲ್ಲಿ ಅವಳ ಹಿಂದಿನ ಕತೆ ಸರಣಿಯಾಯಿತು. ಅದರ ಬೆನ್ನಿಗೇ ಈ ಪುಸ್ತಕ. ಬಹುಕಾಲ ದಾಸಿಯ ವೇಷವನ್ನೇ ಹೆಚ್ಚಾಗಿ ಕಂಡ ಕಪ್ಪು ಹೆಣ್ಣು ಸಿಂಹಾಸನದಲ್ಲಿ ಕೂತದ್ದು ನೋಡಿ ನನಗೂ ಹಿಗ್ಗಾಯಿತು.

ಆದರೆ ಕತೆಯೊಳಗೆ ಏನಾಗುತ್ತದೆ ನೋಡಿ. 1761ರಲ್ಲಿ ಮೂರನೆಯ ಜಾರ್ಜ್ ದೊರೆಗೆ ಜರ್ಮನಿಯಿಂದ ತಂದ ಹೆಣ್ಣು ಕಪ್ಪಗಿದ್ದಾಳೆ ಅಂತ ಕಂಡದ್ದೇ, ರಾಜಮಾತೆ ತರಾತುರಿಯಲ್ಲಿ ಕೆಲವು ಕಪ್ಪು ಮನೆತನಗಳಿಗೆ ಬಿರುದು ಹಂಚುತ್ತಾಳೆ. ‘ಮಹಾ ಪ್ರಯೋಗ’ ಅಂತೆ! ಗಂಡ ಸತ್ತಾಗ ಅಗಾಥಾ ಡ್ಯಾನ್‌ಬರಿಗೆ ದಿಗಿಲು: ಬಿರುದು ಮಗನಿಗೆ ದಕ್ಕುತ್ತದೋ, ಇಲ್ಲವೋ? ನನ್ನನ್ನು ಅಲುಗಿಸಿದ್ದು ಈ ಪ್ರಶ್ನೆ. ನಮ್ಮವ್ವ ಅನ್ನೋಳು, ‘ಒಡೆಯ ಹೊದಿಸಿದ ಕಂಬಳೀನ ಒಡೆಯನೇ ಎಳಕೊಂತಾನೆ ಕಣ್ಲಾ’ ಅಂತ. ಕೃಪೆಯಿಂದ ಬಂದದ್ದು ಹಕ್ಕಲ್ಲ.

ಚರಿತ್ರೆಯ ಜಾರ್ಜ್ ದೊರೆಯ ಕಾಲದಲ್ಲಿ ಬ್ರಿಟಿಷ್ ಹಡಗುಗಳು ಆಫ್ರಿಕಾದ ಜನರನ್ನು ಸರಪಳಿ ಬಿಗಿದು ಕಬ್ಬಿನ ತೋಟಗಳಿಗೆ ಸಾಗಿಸುತ್ತಿದ್ದವು. ಆ ವ್ಯಾಪಾರಕ್ಕೆ ತಡೆ ಬಿದ್ದದ್ದು 1807ರ ಕಾನೂನಿನಿಂದ. 1833ರ ಕಾನೂನು ಗುಲಾಮಗಿರಿ ತೆಗೆದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟರು. ಯಾರಿಗೆ? ಒಡೆಯರಿಗೆ! ಬೆನ್ನು ಸುಲಿಸಿಕೊಂಡವರಿಗೆ ಒಂದು ಕಾಸೂ ಇಲ್ಲ. ಶಾರ್ಲೆಟ್ ರಾಣಿಗೆ ಆಫ್ರಿಕಾದ ಮೂಲವಿತ್ತೆಂಬ ವಾದವನ್ನು ಬಹುಪಾಲು ಇತಿಹಾಸಕಾರರು ಒಪ್ಪುವುದಿಲ್ಲ. ಒಪ್ಪಿದರೂ ಏನು? ಶತಮಾನಗಳ ಹಿಂದಿನ ಒಬ್ಬ ಅಜ್ಜಿಯ ಹೆಸರಿನಿಂದ ತೋಟದ ಬಾರುಕೋಲು ನಿಲ್ಲಲಿಲ್ಲ. ಇದೇ ದೊರೆಯ ಆಳ್ವಿಕೆಯಲ್ಲೇ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸಿಂಹಾಸನದ ರತ್ನಖಚಿತ ಹುಮಾ ಹಕ್ಕಿ ಅವನ ಅರಮನೆ ಸೇರಿತು.

ಇನ್ನೊಂದು ಮಾತು. 2022ರ ಬ್ರಿಜರ್ಟನ್ ಸರಣಿಯಲ್ಲಿ ಕಾದಂಬರಿಯ ಕೇಟ್ ಶೆಫೀಲ್ಡ್ ಭಾರತದಿಂದ ಬಂದ ಕೇಟ್ ಶರ್ಮ ಆದಳು. ಎಲ್ಲರಿಗೂ ಬಾಗಿಲು ತೆರೆದೆವು ಅಂದಾಗಲೂ ನಮ್ಮ ದೇಶದಿಂದ ಒಳಗೆ ಹೋದ ಅಡ್ಡಹೆಸರು ಯಾವುದು, ಗೆಳೆಯರೇ, ಗಮನಿಸಿ.

ಕಪ್ಪು ಹುಡುಗಿಯರು ರೇಷ್ಮೆ ಉಡಲಿ, ಕುಣಿಯಲಿ, ಮನಸಾರೆ ಪ್ರೀತಿಸಲಿ. ಅದು ಯಾರೂ ಕೊಡಬೇಕಾದ್ದಲ್ಲ. ಆದರೆ ಅರಮನೆಯ ಚಹಾಕ್ಕೆ ಬಿದ್ದ ಸಕ್ಕರೆ ಯಾರ ಬೆವರು ಅಂತ ಕೇಳುವ ಒಂದು ಪಾತ್ರವಾದರೂ ಮುಂದಿನ ಪುಸ್ತಕದಲ್ಲಿ ಬಾಯಿ ತೆರೆಯಲಿ.