ಬರಿದಾದ ಪಾತ್ರೆ

ಲೋಕರೂಢಿಯಲ್ಲಿ ನೀರಿಲ್ಲದ ಕೊಡ ಬರಿಯ ಕೊಡ. ಆದರೆ ಅದರ ತುಂಬ ಗಾಳಿ ಇದ್ದೇ ಇರುತ್ತದೆ. ಆ ಗಾಳಿಯನ್ನೂ ಹೊರತೆಗೆದಾಗ ಉಳಿಯುವುದು ನಿರ್ವಾತ. ನಿಸರ್ಗದಲ್ಲಿ ನಿರ್ವಾತಕ್ಕೆ ಎಡೆಯಿಲ್ಲವೆಂಬುದು ಅರಿಸ್ಟಾಟಲನ ಕಾಲದಿಂದ ಬಂದ ನಂಬಿಕೆ. ಅದನ್ನು ಒರೆಗೆ ಹಚ್ಚಿ ನೋಡಲು ಹೊರಟವನು ಜರ್ಮನಿಯ ಮ್ಯಾಗ್ಡೆಬರ್ಗಿನ ನಗರಾಧ್ಯಕ್ಷ ಆಟೊ ಫಾನ್ ಗೆರಿಕೆ (1602–1686).

ಅವನ ಮೊದಲ ಸಾಧನ ಒಂದು ಮರದ ಪೀಪಾಯಿ. ಅದಕ್ಕೆ ನೀರು ತುಂಬಿ, ಸಂದುಗಳನ್ನು ಬಿಗಿದು, ಪಂಪಿನಿಂದ ನೀರನ್ನು ಎಳೆಸಿದನು. ನೀರು ಹೊರಬಂದಂತೆಲ್ಲ ಮರದ ರಂಧ್ರಗಳಿಂದ ಗಾಳಿ ಸದ್ದುಮಾಡುತ್ತ ಒಳನುಗ್ಗಿತು. ಪೀಪಾಯಿಯೊಳಗೆ ಪೀಪಾಯಿಯನ್ನಿಟ್ಟರೂ ಫಲ ದೊರೆಯಲಿಲ್ಲ. ಬಳಿಕ ತಾಮ್ರದ ಗೋಳವೊಂದನ್ನು ಮಾಡಿಸಿ, ಅದರೊಳಗಿನ ಗಾಳಿಯನ್ನೇ ಎಳೆಸತೊಡಗಿದನು. ಇಬ್ಬರು ಬಲಿಷ್ಠರು ಪಂಪನ್ನು ನಡೆಸಿದರು. ಕೆಲಸ ಮುಗಿಯಿತೆನ್ನುವಷ್ಟರಲ್ಲಿ ಗೋಳವು ಭಾರಿ ಸದ್ದಿನೊಡನೆ ಹಣ್ಣೆಲೆಯಂತೆ ಮುದುಡಿಹೋಯಿತು. ನೆರೆದವರೆಲ್ಲ ಬೆಚ್ಚಿಬಿದ್ದರು.

ಗೆರಿಕೆ ಎದೆಗುಂದಲಿಲ್ಲ, ಕಾರಣವನ್ನು ಅರಸಿದನು. ಗೋಳವು ಸಂಪೂರ್ಣ ದುಂಡಾಗಿರಲಿಲ್ಲವೆಂದು ಅವನು ತೀರ್ಮಾನಿಸಿದನು. ಹೊರಗಿನ ಗಾಳಿಯು ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು 1 ಕಿಲೋಗ್ರಾಂ ಭಾರದಷ್ಟು ಒತ್ತುತ್ತದೆ. ದುಂಡಾದ ಗೋಡೆ ಆ ಒತ್ತಡವನ್ನು ಎಲ್ಲೆಡೆಗೂ ಸಮನಾಗಿ ಹಂಚುತ್ತದೆ. ಚಪ್ಪಟೆಯಾದೆಡೆ ಬಾಗಿ ಕುಸಿಯುತ್ತದೆ. ಸರಿಯಾಗಿ ದುಂಡಾಗಿ ಮಾಡಿಸಿದ ಹೊಸ ಗೋಳವು ಒತ್ತಡವನ್ನು ತಾಳಿಕೊಂಡಿತು. 1657ರಲ್ಲಿ, ಗಾಳಿ ತೆಗೆದು ಜೋಡಿಸಿದ ಎರಡು ಅರ್ಧಗೋಳಗಳನ್ನು ಬೇರ್ಪಡಿಸಲು 16 ಕುದುರೆಗಳು ಹೆಣಗಾಡಿದುದನ್ನು ಮ್ಯಾಗ್ಡೆಬರ್ಗಿನ ಜನ ಕಣ್ಣಾರೆ ಕಂಡರು.

ಇಂದು ಇಂತಹ ಪಾತ್ರೆಯನ್ನು ಮನೆಯಲ್ಲಿಯೇ ಅಣಿಗೊಳಿಸುವ ವಿಜ್ಞಾನಪ್ರಿಯರಿದ್ದಾರೆ. ದಪ್ಪ ಉಕ್ಕಿನ ದುಂಡು ಪಾತ್ರೆ, ದಪ್ಪನೆಯ ಅಕ್ರಿಲಿಕ್ ಮುಚ್ಚಳ, ನಡುವೆ ರಬ್ಬರಿನ ಬಳೆ, ಒಂದು ಪಂಪು, ಒತ್ತಡವನ್ನು ತೋರಿಸುವ ಮಾಪಕ, ಗಾಳಿಯನ್ನು ಮೆಲ್ಲನೆ ಒಳಬಿಡುವ ಕವಾಟ: ಇವಿಷ್ಟೇ ಅದರ ಅಂಗಗಳು. ಪಂಪು ನಡೆದಂತೆ ಒಳಗಿಟ್ಟ ಗಂಟೆಯ ದನಿ ಕುಗ್ಗುತ್ತದೆ. ಲೋಟದ ನೀರು ಬೆಂಕಿಯಿಲ್ಲದೆಯೇ ಕುದಿಯುತ್ತದೆ.

ಈ ವಿಸ್ಮಯವನ್ನು ನೋಡಲು ಬಾಗುವ ಮುಖಕ್ಕೆ ಅಪಾಯವೂ ಹತ್ತಿರವೇ. 30 ಸೆಂಟಿಮೀಟರ್ ವ್ಯಾಸದ ಮುಚ್ಚಳದ ಮೇಲೆ ಆಗ 700 ಕಿಲೋಗ್ರಾಂಗೂ ಮಿಗಿಲಾದ ಭಾರವಿರುತ್ತದೆ. ಉಪ್ಪಿನಕಾಯಿಯ ಗಾಜಿನ ಜಾಡಿಯನ್ನು ಇಂತಹ ಒತ್ತಡಕ್ಕೆಂದು ಮಾಡಿರುವುದಿಲ್ಲ. ಅದು ಒಡೆದರೆ ಚೂರುಗಳು ಮೊದಲು ಒಳಕ್ಕೆ ಧಾವಿಸಿ, ಎದುರುಬದಿಯಿಂದ ಹೊರಕ್ಕೆ ಚಿಮ್ಮುತ್ತವೆ. ಕಣ್ಣನ್ನು ಕಳೆಯಲು ಒಂದು ಚೂರು ಸಾಕು. ಆದುದರಿಂದ ಬಲ್ಲವರು ತೆಳುಗಾಜನ್ನು ಮುಟ್ಟುವುದಿಲ್ಲ. ಬಿರುಕು ಕಂಡ ಮುಚ್ಚಳವನ್ನು ಬದಿಗಿಡುತ್ತಾರೆ. ಕಣ್ಣಿಗೆ ರಕ್ಷಣೆಯ ಕನ್ನಡಕವನ್ನು ಧರಿಸುತ್ತಾರೆ. ಮೊದಲ ಪರೀಕ್ಷೆಯನ್ನು ಗಟ್ಟಿಯಾದ ಮರೆಯ ಹಿಂದೆ ನಿಂತು ನಡೆಸುತ್ತಾರೆ. ಎಳೆಯರು ಅನುಭವಿಗಳಾದ ಹಿರಿಯರ ಜೊತೆಯಿಲ್ಲದೆ ಇದಕ್ಕೆ ಕೈಹಾಕುವುದು ತರವಲ್ಲ.

ಗೆರಿಕೆಯ ತಾಮ್ರದ ಗೋಳ ಮುದುಡಿತು, ಚೂರಾಗಿ ಸಿಡಿಯಲಿಲ್ಲ. ಗಾಜಿಗೆ ಆ ಕರುಣೆಯಿಲ್ಲ. ಗಾಳಿಯ ಭಾರ ಕಣ್ಣಿಗೆ ಕಾಣುವಂಥದಲ್ಲ. ಅದನ್ನು ಲೆಕ್ಕ ಹಾಕಿ ಅರಿತ ಮೇಲೆಯೇ ಪಂಪಿನ ಹಿಡಿಯನ್ನು ಮುಟ್ಟುವುದು ಜಾಣತನ.